ಕೆಂಪು ಬಟ್ಟೆಯ ದಾರಿ

ಹಾಲೇಶನ ಮಾತಿಗೆ ಎದುರಾಡದ ಜೀವ ಈ ಭೂಮಿಯ ಮೇಲೆ ಒಂದಿದ್ದರೆ ಅದು ಅವನ ಮಗಳು ಕವನ. ಹೆಂಡತಿ ಎದುರಾಡುತ್ತಿದ್ದಳು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಅವನ ಕೈಕೆಳಗಿದ್ದ ಹುಡುಗರು ಬೆನ್ನ ಹಿಂದೆ ಆಡುತ್ತಿದ್ದರು, ಯೂನಿಯನ್ನಿನವರಂತೂ ಮುಖಕ್ಕೇ ಆಡುತ್ತಿದ್ದರು. ಕವನ ಮಾತ್ರ ಇಲ್ಲ. ವಯಸ್ಸು ಹತ್ತೊಂಬತ್ತಾಗಿತ್ತು, ದಿನಾ ಬಸ್ಸು ಹತ್ತಿ ಶಿವಮೊಗ್ಗದ ಕಾಲೇಜಿಗೆ ಹೋಗುತ್ತಿದ್ದಳು. ಆದರೂ ಅಪ್ಪ ಸೈನ್ಸ್ ಅಂದಿದ್ದಕ್ಕೆ ಸೈನ್ಸ್, ಅಪ್ಪ ಜಡೆ ಅಂದಿದ್ದಕ್ಕೆ ಜಡೆ. "ನಾ ಹಾಕಿದ ಗೆರೆ ದಾಟಲ್ಲ ನಮ್ಮ ಹುಡುಗಿ" ಎಂದು ಅವನು ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತ ಹೇಳಿಕೊಳ್ಳುವುದಿತ್ತು. ಕೇಳಿದವರು ಹೊಟ್ಟೆಕಿಚ್ಚು ಪಡುತ್ತಿದ್ದರು, ಏಕೆಂದರೆ ಅವರವರ ಮಕ್ಕಳು ಅವರವರ ಗೆರೆಯನ್ನು ಅಳಿಸಿ ಅದರ ಮೇಲೆ ಕ್ರಿಕೆಟ್ ಆಡುತ್ತಿದ್ದರು.

ಹಾಗಾಗಿ ತೊಂಬತ್ತಾರನೇ ಇಸವಿಯ ಡಿಸೆಂಬರಿನ ಆ ಭಾನುವಾರ, ಹೆಗ್ಗಲ್ಲು ಗುಡ್ಡದ ಬುಡದಿಂದ ಹುಡುಗಿಯರ ತಂಡವೊಂದನ್ನು ಮುಂದೆ ಕಳಿಸಬೇಕಾಗಿ ಬಂದಾಗ ಹಾಲೇಶ ಎರಡನೇ ಸಲ ಯೋಚನೆ ಮಾಡಲಿಲ್ಲ. ಕವನಳನ್ನೇ ಮುಂದಾಳು ಮಾಡಿದ. ಅವಳ ಹಿಂದೆ ಕಾಲೇಜಿನ ಗೆಳತಿಯರು ನಾಲ್ವರು. ಅವರಲ್ಲಿ ಬಾಯಿ ಜೋರಿದ್ದವಳು ಪೇಪರ್ ಟೌನಿನ ಸೆಲ್ವಿ.

ಹೆಗ್ಗಲ್ಲು ಗುಡ್ಡಕ್ಕೆ ಭದ್ರಾವತಿಯಿಂದ ಲಕ್ಕವಳ್ಳಿ ಕಡೆಯ ಬಸ್ಸಿನಲ್ಲಿ ಹೋಗಬೇಕು. ಬಿದರಕಟ್ಟೆಯಲ್ಲಿ ಇಳಿದು ಗದ್ದೆ ದಾಟಿದರೆ ಗುಡ್ಡ ಎದುರಿಗೇ ನಿಂತಿರುತ್ತದೆ. ಹುಲ್ಲು ಹೊದ್ದು ಮಲಗಿದ ಸಾಧು ಗುಡ್ಡವಲ್ಲ ಅದು. ಮೈಯೆಲ್ಲ ಕರಿಬಂಡೆ, ಬಂಡೆಯ ಸಂದಿಯಲ್ಲಿ ಮುಳ್ಳುಪೊದೆ. ಹತ್ತಲು ಮೂರು ದಾರಿ. ಸುತ್ತುಬಳಸಿ ಹೋಗುವ ದನದ ದಾರಿ ಕಾಲಿಗೆ ಸುಖ, ಆದರೆ ಅದರಲ್ಲಿ ಹೋದವರು ನೆತ್ತಿ ಮುಟ್ಟುವಷ್ಟರಲ್ಲಿ ಬುತ್ತಿ ಹಳಸಿರುತ್ತದೆ. ನಡುವಿನದು ಜನ ತಿರುಗಾಡುವ ಕಾಲುದಾರಿ. ಇದು ಮೇಲೆ ಜೋಡಿ ಮತ್ತಿಮರದ ಹತ್ತಿರ ಎರಡಾಗುತ್ತದೆ. ಬಲಗಡೆಯದು ಗುಡ್ಡದ ಬೆನ್ನಿನಂತಿರುವ ಏಣಿನ ಮೇಲೆ ಹಾದು ನೆತ್ತಿಗೆ ಮುಟ್ಟಿಸುತ್ತದೆ. ಎಡಗಡೆಯದು ಊರವರು ಚೌಡವ್ವನೆಂದು ಪೂಜಿಸುವ ಚೌಡಿಕಲ್ಲು ದಾಟಿ ಜೇನುಬಂಡೆಯ ಅಂಚಿಗೆ ಹೋಗಿ ಮುಗಿಯುತ್ತದೆ. ಮುಗಿಯುತ್ತದೆ ಅಂದರೆ ಅಲ್ಲಿಂದ ಮುಂದೆ ನೆಲವಿಲ್ಲ, ಕೆಳಗೆ ತೆಂಗಿನ ಮರದ ಮೇಲೆ ತೆಂಗಿನ ಮರ ನಿಲ್ಲಿಸಿದರೂ ಮುಟ್ಟದಷ್ಟು ಆಳ. ಮೂರನೆಯ ದಾರಿ ಕೊರಕಲು. ಮಳೆಗಾಲದಲ್ಲಿ ನೀರು, ಉಳಿದ ಕಾಲದಲ್ಲಿ ಕಲ್ಲು ಉರುಳುವ ಆ ಸೀಳು ಕಾಲುದಾರಿಯ ಮಗ್ಗುಲಿಂದ ಹೊರಟು ನೆಟ್ಟಗೆ ಜೇನುಬಂಡೆಯ ಪಕ್ಕಕ್ಕೇ ಹತ್ತುತ್ತದೆ. ಜೇನು ಇಳಿಸುವವರನ್ನು ಬಿಟ್ಟರೆ ಬುದ್ಧಿ ನೆಟ್ಟಗಿರುವ ಯಾರೂ ಅದಕ್ಕೆ ಕಾಲಿಡುವುದಿಲ್ಲ.

ಚಾರಣ ಬಳಗ ಅಂತ ಕಟ್ಟಿದವರು ಚಂದ್ರಶೇಖರಪ್ಪ. ಅದೇ ಕಾರ್ಖಾನೆಯಲ್ಲಿ ಎಂಜಿನಿಯರಾಗಿ ರಿಟೈರಾಗಿ ಶಿವಮೊಗ್ಗದ ಗೋಪಾಳದಲ್ಲಿ ಮನೆ ಕಟ್ಟಿಸಿಕೊಂಡಿದ್ದರು. ಹಿಂದೆಂದೋ ಟ್ರೈನಿಂಗಿಗೆಂದು ಸ್ಕಾಟ್ಲೆಂಡಿಗೆ ಹೋದಾಗ ಅಲ್ಲಿನದೊಂದು ಒರಟು ಬೆಟ್ಟ ಹತ್ತಿದ್ದರಂತೆ. ಅವರು ಬೆಟ್ಟ ಇಳಿದು ಇಪ್ಪತ್ತು ವರ್ಷವಾಗಿತ್ತು, ಬೆಟ್ಟ ಅವರ ಬಾಯಿಂದ ಇಳಿದಿರಲಿಲ್ಲ. ಹೆಗ್ಗಲ್ಲು ಹತ್ತುವ ಮಾತು ಬಂದಾಗ ಗೋಪಾಳದ ಅವರ ಮನೆಯ ವರಾಂಡದಲ್ಲಿ ಮಂಡಕ್ಕಿ ತಿನ್ನುತ್ತ ಎಲ್ಲರೂ ಕೂತಿದ್ದರು. ದಾರಿಗೆ ಗುರುತು ಹಾಕುವುದು ಹೇಗೆ ಎಂಬ ಚರ್ಚೆ ಎದ್ದಿತು.

"ಅಲ್ಲಿ ಕವಲು ಬಂದಲ್ಲೆಲ್ಲ ಕಲ್ಲು ಪೇರಿಸಿರ್ತಾರೆ ಮಾರಾಯ" ಎಂದರು ಚಂದ್ರಶೇಖರಪ್ಪ. "ಮಂಜು ಬಿದ್ರೆ ಕಣ್ಣು ಕಾಣಲ್ಲ, ಆ ಕಲ್ಲುಗುಪ್ಪೆ ಹಿಡ್ಕೊಂಡೇ ನಡೆಯೋದು. ನಾವೂ ಹಂಗೇ ಮಾಡಣ."

"ಸಾರ್, ನಮ್ಮ ಜನ ಗುಡ್ಡದ ಮೇಲೆ ಕಲ್ಲು ಪೇರಿಸೋದು ಸ್ವಂತ ಮನೆ ಆಗ್ಲಿ ಅನ್ನೋ ಹರಕೆಗೆ" ಎಂದ ಹಾಲೇಶ. "ನೀವು ಒಂದು ಕಡೆ ಪೇರಿಸಿದ್ರೆ ವಾರದೊಳಗೆ ಗುಡ್ಡದ ತುಂಬ ಲೇಔಟ್ ಆಗಿರುತ್ತೆ."

ವರಾಂಡವೆಲ್ಲ ನಕ್ಕಿತು. ಚಂದ್ರಶೇಖರಪ್ಪನವರೂ ನಕ್ಕರು. ಆ ನಗುವಿನ ಬಿಸಿಯಲ್ಲೇ ಹಾಲೇಶ ಕೆಂಪು ಬಟ್ಟೆ ಕಟ್ಟುವ ಉಪಾಯ ಹೇಳಿದ, ಎಲ್ಲರೂ ಭೇಷ್ ಅಂದರು. ಮೇ ದಿನದ ಬಾವುಟಕ್ಕೆಂದು ತಂದು ಮಿಕ್ಕಿದ್ದ ಬಟ್ಟೆ ಯೂನಿಯನ್ ಆಫೀಸಿನ ಮೂಲೆಯಲ್ಲಿ ಬಿದ್ದಿತ್ತು. ಹಾಲೇಶ ಅದನ್ನು ಪಟ್ಟಿ ಪಟ್ಟಿ ಹರಿದು, ನವೆಂಬರಿನಲ್ಲೊಂದು ರಜೆಯ ದಿನ ಒಬ್ಬನೇ ಹೋಗಿ ಬುಡದಿಂದ ನೆತ್ತಿಯವರೆಗೆ ಮರಮರಕ್ಕೂ ಕಟ್ಟಿ ಬಂದ. ಮನೆಗೆ ಬಂದವನು ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುಡ್ಡ ಬರೆದು ಮಗಳಿಗೆ ಮೂರೂ ದಾರಿ ತೋರಿಸಿದ. ಅವಳು ತಲೆಯಾಡಿಸುತ್ತ ಎಲ್ಲ ಕೇಳಿಸಿಕೊಂಡಳು. ಹೆಂಡತಿ ನೆಲ ಒರೆಸುವ ಬಟ್ಟೆ ಹಿಡಿದು, ಗುಡ್ಡ ಯಾವಾಗ ಮುಗಿಯುತ್ತದೋ ಎಂದು ಕಾದು ನಿಂತಿದ್ದಳು.

ಭಾನುವಾರ ಶಿವಮೊಗ್ಗದವರ ವ್ಯಾನು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಹುಡುಗಿಯರು ಚಳಿಗೆ ಕಾಲು ಕುಟ್ಟುತ್ತ ನಿಂತಿದ್ದರು. ಬಿಸಿಲೇರುವ ಮುಂಚೆ ಅರ್ಧ ಗುಡ್ಡವಾದರೂ ಹತ್ತಲಿ ಎಂದು ಹಾಲೇಶ ಅವರನ್ನು ಹೊರಡಿಸಿದ. ಹೊರಡುವಾಗ ಕವನಳನ್ನು ಪಕ್ಕಕ್ಕೆ ಕರೆದು ಹೇಳಿದ:

"ಯಾರು ಏನೇ ಹೇಳಿದ್ರೂ ಬಟ್ಟೆ ಬಿಟ್ಟು ಹೋಗ್ಬೇಡ. ಒಂದು ಬಟ್ಟೆ ಮುಟ್ಟಿ ಇನ್ನೊಂದು ಕಂಡ್ಮೇಲೇನೇ ಮುಂದಿನ ಹೆಜ್ಜೆ. ಆಮೇಲೆ, ಸೀಟಿ ಕೇಳಿಸಿದ್ರೆ ಸೀಟಿ ಬಂದ ಕಡೆಗೆ ಬರ್ಬೇಕು. ತಿಳೀತಾ?"

"ಆಯ್ತು ಅಪ್ಪಾಜಿ" ಎಂದಳು ಕವನ.

ಅವರು ಪೊದೆ ಮರೆಯಾದ ಸ್ವಲ್ಪ ಹೊತ್ತಿಗೆ ಮಂಜು ಇಳಿಯಿತು. ಗದ್ದೆಯ ಮೇಲಿನ ತೆಳು ಮಂಜು ಬಿಸಿಲಿಗೆ ಕರಗುವಂಥದ್ದು. ಇದು ಗುಡ್ಡದ ನೆತ್ತಿಯಿಂದ ಇಳಿಯುತ್ತ ಬಂದು ಮೊದಲು ಏಣನ್ನು ನುಂಗಿತು, ಆಮೇಲೆ ಮರಗಳನ್ನು, ಆಮೇಲೆ ಹತ್ತು ಮಾರು ದೂರದ ಬೇಲಿಯನ್ನೂ ಬಿಡಲಿಲ್ಲ. ಹಾಲೇಶನಿಗೆ ಕಸಿವಿಸಿಯಾಯಿತು. ಬಟ್ಟೆ ಕಟ್ಟಿದ್ದೇನಲ್ಲ ಎಂದು ಸಮಾಧಾನ ಮಾಡಿಕೊಂಡ. ಇಂಥ ಹೊತ್ತಿಗೆಂದೇ ಅಲ್ಲವೇ ಕಟ್ಟಿದ್ದು.

ವ್ಯಾನು ಬಂದಾಗ ಹುಡುಗಿಯರು ಹೋಗಿ ಒಂದು ಗಂಟೆಯ ಮೇಲಾಗಿತ್ತು. ಚಂದ್ರಶೇಖರಪ್ಪ ಮಂಕಿಟೋಪಿ ಹಾಕಿಕೊಂಡು ಇಳಿದರು, ಆಕಾಶ ನೋಡಿದರು, ಮುಖ ಚಿಕ್ಕದು ಮಾಡಿದರು.

"ಹುಡುಗೀರನ್ನ ಮುಂದೆ ಕಳ್ಸಿಬಿಟ್ಯಾ?"

"ಕವನ ಇದಾಳೆ ಸಾರ್. ಬಟ್ಟೆ ಬಿಟ್ಟು ಅತ್ಲಾಗಿತ್ಲಾಗೆ ಹೋಗಲ್ಲ."

"ಅದು ಸರಿ" ಎಂದರು ಅವರು. ಆದರೂ ವ್ಯಾನಿನಲ್ಲಿ ಬಂದವರನ್ನೆಲ್ಲ ಬುಡದಲ್ಲೇ ನಿಲ್ಲಿಸಿ, ತಾವಿಬ್ಬರೇ ಬೇಗ ಹತ್ತಿ ಹುಡುಗಿಯರನ್ನು ಹಿಡಿಯೋಣ ಅಂದರು. ಹಾಲೇಶ ಅದಕ್ಕೇ ಕಾದಿದ್ದವನಂತೆ ಹೊರಟ.

ಕಾಲುದಾರಿಯಲ್ಲಿ ಅವನ ಬಟ್ಟೆಗಳು ಒಂದೊಂದಾಗಿ ಮಂಜಿನೊಳಗಿಂದ ಎದುರಾದವು. ಹೊಂಗೆಗೊಂದು, ಕೌಲು ಮರಕ್ಕೊಂದು. ಪ್ರತಿಯೊಂದು ಕಂಡಾಗಲೂ ಅವನ ಜೀವ ಸ್ವಲ್ಪ ಸ್ವಲ್ಪ ತಣ್ಣಗಾಯಿತು. ಕೊರಕಲು ಶುರುವಾಗುವ ಜಾಗಕ್ಕೆ ಬಂದಾಗ ಮೇಲಿನಿಂದ ಬಳೆಯ ಸದ್ದು ಕೇಳಿಸಿತು. ಬಿದರಕಟ್ಟೆಯ ಹುಲಿಗೆಮ್ಮ, ಕುಕ್ಕೆಯಲ್ಲಿ ಒಡೆದ ಕಾಯಿ, ಊದುಬತ್ತಿಯ ಕಟ್ಟು ಇಟ್ಟುಕೊಂಡು ಇಳಿದು ಬರುತ್ತಿದ್ದಳು. ಅವಳ ಗಂಡ ಆ ಗುಡ್ಡದಲ್ಲಿ ಜೇನು ಇಳಿಸುವವನು. ಬಟ್ಟೆ ಕಟ್ಟಲು ಬಂದ ದಿನ ಹಾಲೇಶ ಅವರ ಮನೆಯಲ್ಲೇ ನೀರು ಕುಡಿದಿದ್ದ, ಬಂದ ಕೆಲಸ ಮಾತ್ರ ಹೇಳಿರಲಿಲ್ಲ.

"ಅವ್ವಾ, ಹುಡುಗೀರು ಸಿಕ್ಕಿದ್ರಾ?" ಎಂದ ಹಾಲೇಶ.

"ಸಿಕ್ಕಿದ್ವಲ್ಲಣ್ಣ. ಜೋಡಿಮರದ ತಾವ ಕೂತಿದ್ವು. ಆಮೇಲೆ ಎದ್ದು ಚೌಡವ್ವನ ಕಡೆ ಹೋದ್ವು."

"ಯಾವ ಕಡೆ?"

"ಚೌಡವ್ವನ ಕಡೆ. ಎಡಕ್ಕೆ. ಹರಕೆ ಇರ್ಬೇಕು ಅಂದ್ಕೊಂಡು ಸುಮ್ನೆ ಬಂದೆ. ಈಗ ಎಲ್ರೂ ಬರ್ತಾರಲ್ಲ."

ಹಾಲೇಶನಿಗೆ ಅರ್ಥವಾಗಲಿಲ್ಲ. "ಎಡಕ್ಕೆ ಯಾಕೆ ಹೋಗ್ತಾರೆ? ಬಟ್ಟೆ ಬಲಗಡೆ ಇದೆಯಲ್ಲ."

"ಬಲಗಡೆ ಎಲ್ಲಣ್ಣ, ಚೌಡವ್ವ ಇರೋದು ಎಡಗಡೆ" ಎಂದಳು ಹುಲಿಗೆಮ್ಮ, ಅಷ್ಟೂ ಗೊತ್ತಿಲ್ಲದವನಿಗೆ ಹೇಳುವ ಹಾಗೆ. "ದೀಪಾವಳಿ ಆದ್ಮೇಲೆ ಒಂದಿನ ನೋಡ್ತೀವಿ, ಜೋಡಿಮರಕ್ಕೆ ಯಾರೋ ಕೆಂಪು ಬಟ್ಟೆ ಕಟ್ಟಿದಾರೆ. ನಮ್ಮೂರೋರು ಯಾರೂ ಕಟ್ಟಿಲ್ಲ. ಚೌಡವ್ವನೇ ಕೇಳ್ಕೊಂಡಿದಾಳೆ ಅಂತ ಊರೆಲ್ಲ ಮಾತಾತು. ನಾನೂ ಒಂದು ಕಟ್ದೆ. ಮೊಮ್ಮಗನ ಜಾಂಡೀಸು ಇಳೀತು. ಆಮೇಲೆ ಒಬ್ರು ಬಿಟ್ಟೋರಿಲ್ಲ. ಚೌಡಿಕಲ್ಲಿನ ಹತ್ರ ಮರ ಸಾಲದೆ, ನಮ್ಮನೆಯೋರು ಅಂಚಿನ ಬಸರಿಗಿಡದ ತಂಕ ಕಟ್ಟಿ ಬಂದವ್ರೆ."

ವರಾಂಡದಲ್ಲಿ ತಾನೇ ಹೇಳಿ ಎಲ್ಲರನ್ನೂ ನಗಿಸಿದ ಮಾತು ಹಾಲೇಶನಿಗೆ ಈಗ ನೆನಪಾಯಿತು. ಕಲ್ಲು ಪೇರಿಸಿ ಹರಕೆ ಹೊರುವ ಜನ ಬಟ್ಟೆ ಕಟ್ಟಿಯೂ ಹೊರುತ್ತಾರೆ. ಅವನ ಅವ್ವನೇ ಊರಿನ ಬನ್ನಿಮರಕ್ಕೆ ಕಟ್ಟಿರಲಿಲ್ಲವೇ, ಅವನು ಹುಟ್ಟಲಿ ಅಂತ. ಬಳಗದಲ್ಲಿ ಇದನ್ನು ಚೆನ್ನಾಗಿ ಬಲ್ಲವನು ಅವನೇ, ಅವನಿಗೇ ಹೊಳೆದಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ.

"ಅವ್ವಾ, ಆ ಬಟ್ಟೆ ಕಟ್ಟಿದ್ದು ನಾನು" ಎಂದ.

"ನೀನಾ? ಏನು ಹರಕೆ ಅಣ್ಣ?"

ಜೋಡಿಮರದಿಂದ ಎಡಕ್ಕೆ, ಕೆಂಪು ಬಟ್ಟೆಯಿಂದ ಕೆಂಪು ಬಟ್ಟೆಗೆ, ಒಂದು ಮುಟ್ಟಿ ಇನ್ನೊಂದು ಹುಡುಕುತ್ತ ಕವನ ನಡೆಯುತ್ತಿರುವುದು ಅವನಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಕೊನೆಯ ಬಟ್ಟೆ ಅಂಚಿನ ಬಸರಿಗಿಡದ ಮೇಲಿದೆ. ಮಂಜಿನಲ್ಲಿ ಅದು ಮಾತ್ರ ಕಾಣುತ್ತದೆ, ಅಂಚು ಕಾಣುವುದಿಲ್ಲ. ಅವಳು ಅಲ್ಲಿಯವರೆಗೂ ಹೋಗುತ್ತಾಳೆ ಎಂಬುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ. ಬೇರೆ ಯಾರ ಮಗಳಾಗಿದ್ದರೂ ನಡುವೆ ಎಲ್ಲೋ ಬೇಸತ್ತು ವಾಪಸಾಗುತ್ತಿದ್ದಳು.

ಚಂದ್ರಶೇಖರಪ್ಪ ಸೀಟಿ ಬಾಯಿಗಿಟ್ಟುಕೊಂಡಿದ್ದರು. ಹಾಲೇಶ ಅವರ ಕೈ ಹಿಡಿದ.

"ಇಲ್ಲಿ ಊದ್ಬೇಡಿ ಸಾರ್. ಸೀಟಿ ಬಂದ ಕಡೆಗೆ ಬಾ ಅಂತ ಹೇಳಿದೀನಿ. ನಾವಿರೋದು ಬಂಡೆ ಕೆಳಗೆ. ಅವಳು ಬಂದೇಬಿಡ್ತಾಳೆ."

ಚಂದ್ರಶೇಖರಪ್ಪ ಸೀಟಿ ಕೆಳಗಿಳಿಸಿದರು. ಮಾತಾಡುತ್ತ ನಿಲ್ಲುವ ಹೊತ್ತಾಗಿರಲಿಲ್ಲ. ಅವರು ಕಾಲುದಾರಿಯಲ್ಲೇ ಹತ್ತಿ ಜೋಡಿಮರ ಮುಟ್ಟಿದ ಮೇಲೆ ಅಲ್ಲಿಂದ ಸೀಟಿ ಊದುವುದು, ಆಗ ಹುಡುಗಿಯರು ಹಿಂದಕ್ಕೆ ಬರುತ್ತಾರೆ. ಹಾಲೇಶ ಕೊರಕಲಿನಲ್ಲಿ ಹತ್ತುವುದು ಎಂದಾಯಿತು. ಕಾಲುದಾರಿಯಲ್ಲಿ ಅವನೂ ಹೋದರೆ ಹೊತ್ತಾಗುತ್ತದೆ. ಹುಲಿಗೆಮ್ಮ ಈಗ ಸಂಗತಿ ತಿಳಿದು ಕುಕ್ಕೆಯನ್ನು ಅಲ್ಲೇ ಇಳಿಸಿದಳು.

"ಕೊರಕಲಲ್ಲಿ ಬೂಟು ಕೂಡದಣ್ಣ" ಎಂದಳು. "ಕಲ್ಲು ಜಾರಿದ್ರೆ ಎಡಮಗ್ಗುಲ ಗೋಡೆ ಹಿಡ್ಕೊ. ಬಲಗಡೆದು ಪುಡಿ."

ಹಾಲೇಶ ಕಾರ್ಖಾನೆಯ ಭಾರದ ಬೂಟು ಕಳಚಿ ಬರಿಗಾಲಲ್ಲಿ ಕೊರಕಲಿಗೆ ಇಳಿದ.

ಕಾರ್ಖಾನೆಯಲ್ಲಿ ಕಾದು ಕೆಂಪಾದ ಕಬ್ಬಿಣ ಉರುಳಿ ಬರುವ ಜಾಗದಲ್ಲಿ ಇಪ್ಪತ್ತೈದು ವರ್ಷ ನಿಂತವನು ಅವನು. ಹೆದರಿಕೆ ಅಂದರೆ ಏನೆಂದು ಗೊತ್ತು, ಅದನ್ನು ಪಕ್ಕಕ್ಕಿಟ್ಟು ಕೆಲಸ ಮಾಡುವುದೂ ಗೊತ್ತು. ಈ ಹೆದರಿಕೆ ಪಕ್ಕಕ್ಕೆ ಸರಿಯಲಿಲ್ಲ, ಅವನ ಜೊತೆಗೇ ಹತ್ತಿತು. ಕಲ್ಲುಗಳು ಪಾಚಿ ಹಿಡಿದು ಒದ್ದೆಯಾಗಿದ್ದವು. ಒಂದು ಕಾಲಿಟ್ಟರೆ ಕಲ್ಲು ಅಲುಗುತ್ತಿತ್ತು, ಅಲುಗುವುದು ನಿಲ್ಲುವವರೆಗೆ ಇನ್ನೊಂದು ಕಾಲು ಎತ್ತುವ ಹಾಗಿರಲಿಲ್ಲ. ಬೇಗ ಹೋಗಬೇಕು, ಸದ್ದಾಗಬಾರದು. ಕಲ್ಲು ಉರುಳಿಸಿದರೆ ಆ ಸದ್ದಿಗೂ ಮೇಲಿನವರು ಬಂದು ಬಗ್ಗಿ ನೋಡಬಹುದು. ಒಂದು ಕಡೆ ಮರೆತು ಬಲಗಡೆಯ ಗೋಡೆಗೆ ಕೈ ಹಾಕಿದ. ಅದು ಹುಲಿಗೆಮ್ಮ ಹೇಳಿದಂತೆಯೇ ಕೈಯಲ್ಲಿ ಪುಡಿಯಾಯಿತು. ಮೈಯೆಲ್ಲ ಹಿಂದಕ್ಕೆ ವಾಲಿ, ಮೊಣಕಾಲು ಬಂಡೆಗೆ ಬಡಿದು, ಹೇಗೋ ಒಂದು ಬೇರು ಕೈಗೆ ಸಿಕ್ಕಿತು. ಬಾಯಿಂದ ಬಂದ ಕೂಗನ್ನು ಅಂಗಿಯ ತೋಳು ಕಚ್ಚಿ ತಡೆದ.

ಅಪ್ಪನಾದವನು ಮಗಳ ಹೆಸರು ಹಿಡಿದು ಕೂಗಬಾರದು ಎಂಬ ಶಿಕ್ಷೆ ಯಾರಿಗೂ ಬರಬಾರದು. ಕೂಗಿದ್ದರೆ ಕವನಳಿಗೆ ಖಂಡಿತ ಕೇಳಿಸುತ್ತಿತ್ತು. ಅವಳು "ಬಂದೆ ಅಪ್ಪಾಜಿ" ಅನ್ನುತ್ತಿದ್ದಳು. ಬಂದೇ ಬಿಡುತ್ತಿದ್ದಳು.

ಬಹುಪಾಲು ಹತ್ತಿ ಬಂದಾಗ ತಲೆಯ ಮೇಲಿನಿಂದ ಮಾತು ಕೇಳಿಸಿತು. ಮಂಜಿನಲ್ಲಿ ಮಾತು ಕಿವಿಯ ಪಕ್ಕದಲ್ಲೇ ಆಡಿದಂತಿರುತ್ತದೆ.

"ಇದು ದಾರಿನೇ ಅಲ್ಲ ಕಣೇ. ಹುಲ್ಲು ನೋಡು, ಯಾರೂ ತುಳಿದಿಲ್ಲ" ಎಂದಿತು ಸೆಲ್ವಿಯ ಧ್ವನಿ. "ವಾಪಸ್ ಹೋಗಣ."

"ಅಲ್ಲಿ ಇನ್ನೊಂದು ಬಟ್ಟೆ ಇದೆ" ಎಂದಳು ಕವನ.

"ಬಟ್ಟೆ ಇದ್ರೆ? ಗಾಳಿ ಕೆಳಗಿಂದ ಬರ್ತಿದೆ, ಗೊತ್ತಾಗ್ತಿಲ್ವಾ ನಿಂಗೆ?"

"ನೀವು ಇಲ್ಲೇ ಇರಿ. ನಾನು ಅದನ್ನ ಮುಟ್ಟಿ ನೋಡ್ತೀನಿ. ಮುಂದಿನದು ಕಂಡ್ರೆ ಕರೀತೀನಿ."

ಹಾಲೇಶನಿಗೆ ಹತ್ತಲು ಇನ್ನೂ ಎರಡಾಳೆತ್ತರ ಉಳಿದಿತ್ತು. ಅಷ್ಟರಲ್ಲಿ ಜೋಡಿಮರದ ಕಡೆಯಿಂದ ಚಂದ್ರಶೇಖರಪ್ಪನವರ ಸೀಟಿ ಕೇಳಿಸಿತು. ಸದ್ಯ ಬದುಕಿದೆ ಎಂದು ಅವನು ಉಸಿರು ಬಿಡುವಷ್ಟರಲ್ಲಿ ಅದೇ ಸೀಟಿ ಎದುರು ಗುಡ್ಡಕ್ಕೆ ಬಡಿದು ತಿರುಗಿ ಬಂತು. ಮೊದಲಿನದಕ್ಕಿಂತ ಜೋರಾಗಿ, ಕಂದಕದ ಕಡೆಯಿಂದ.

"ಅಪ್ಪಾಜಿ ಸೀಟಿ" ಎಂದಳು ಕವನ. "ಮುಂದೆ ಇದಾರೆ. ಬಂದೆ."

ಅವನು ಮುಂದಿನ ಎರಡಾಳೆತ್ತರ ಹೇಗೆ ಹತ್ತಿದನೋ ಅವನಿಗೇ ತಿಳಿಯದು. ಉಗುರು ಕಿತ್ತಿದ್ದು, ಮೊಣಕೈ ತರಚಿದ್ದು ಗೊತ್ತಾಗಿದ್ದು ಆಮೇಲೆ. ಕೊರಕಲಿನ ಬಾಯಿಯಿಂದ ತಲೆ ಹೊರಹಾಕಿದಾಗ ಎರಡು ಮಾರಾಚೆ, ಬೆಳ್ಳನೆಯ ಮಂಜಿನೊಳಗೆ ಕವನ ಕಂಡಳು. ಎಡಗೈಯಲ್ಲಿ ಒಂದು ರೆಂಬೆ ಹಿಡಿದು, ಬಲಗೈಯನ್ನು ಬಸರಿಗಿಡದ ಕೆಂಪು ಬಟ್ಟೆಯ ಕಡೆ ಚಾಚಿದ್ದಳು. ಬಟ್ಟೆ ಒಂದು ಗೇಣು ದೂರದಲ್ಲಿತ್ತು. ಗಿಡದ ಬೇರು ಬಂಡೆಯ ಹೊರಕ್ಕೆ ಜೋತುಬಿದ್ದಿತ್ತು. ಅವಳ ಮುಂಗಾಲಿನ ಕೆಳಗೆ ಹುಲ್ಲಿತ್ತು, ಹುಲ್ಲಿನ ಕೆಳಗೆ ಏನೂ ಇರಲಿಲ್ಲ.

ಕೂಗಿದರೆ ಬೆಚ್ಚಿ ಬೀಳುತ್ತಾಳೆ. ಹತ್ತಿರ ಹೋಗಲು ಸಮಯವಿಲ್ಲ. ಹಾಲೇಶ ಉಸಿರು ಕಟ್ಟಿ, ಊಟದ ತಟ್ಟೆಯ ಮುಂದೆ ಹೇಳುವಷ್ಟೇ ಮೆಲ್ಲಗೆ ಹೇಳಿದ:

"ಕವನಾ. ಅಲ್ಲೇ ಕೂತ್ಕೋ."

ಅವಳು ತಿರುಗಿ ನೋಡಲಿಲ್ಲ. ಯಾಕೆ ಅನ್ನಲಿಲ್ಲ. ಇದ್ದಲ್ಲಿಯೇ ಕುಸಿದು ಕೂತಳು. ಅವಳು ಕೂತ ರಭಸಕ್ಕೆ ಮುಂಗಾಲಿನ ಕೆಳಗಿನ ಹುಲ್ಲುಗಡ್ಡೆ ಮಣ್ಣುಸಮೇತ ಕಳಚಿ ಹೋಯಿತು. ಅದು ಕೆಳಗೆ ಬಿದ್ದ ಸದ್ದು ಬಹಳ ಹೊತ್ತು ಕೇಳಿಸಲಿಲ್ಲ.

ಹಾಲೇಶ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ ಅವಳ ಜಡೆಯನ್ನೂ ರಟ್ಟೆಯನ್ನೂ ಒಟ್ಟಿಗೆ ಹಿಡಿದು ಹಿಂದಕ್ಕೆ ಎಳೆದ. ಇಬ್ಬರೂ ಹಾಗೇ ತೆವಳಿಕೊಂಡು ಚೌಡಿಕಲ್ಲಿನವರೆಗೆ ಬಂದರು. ಉಳಿದ ನಾಲ್ವರು ಅಲ್ಲಿ ಒಬ್ಬರನ್ನೊಬ್ಬರು ಅಪ್ಪಿಕೊಂಡು ನಿಂತಿದ್ದರು. ಸೆಲ್ವಿ ಅಳುತ್ತ ತಮಿಳಿನಲ್ಲಿ ಯಾರನ್ನೋ ಬಯ್ಯುತ್ತಿದ್ದಳು, ಬಹುಶಃ ಎಲ್ಲರನ್ನೂ. ಸುತ್ತಲೂ ಮರಗಳ ತುಂಬ ಕೆಂಪು ಬಟ್ಟೆ. ಪ್ರತಿ ಗಂಟಿನಲ್ಲೂ ಒಂದೊಂದು ಅರಿಶಿನದ ಕೊಂಬು.

ಪ್ರಾಣಭಯ ಇಳಿದ ಮೇಲೆ ಗಂಡಸರಿಗೆ ಬರುವುದು ಸಿಟ್ಟು. ಹಾಲೇಶನಿಗೂ ಅದೇ ಬಂತು. ಕೈ ಎತ್ತಿಯೇ ಬಿಟ್ಟಿದ್ದ. ಕೈಯಲ್ಲಿ ರಕ್ತ ಕಂಡು ಇಳಿಸಿದ.

"ಮುಂದೆ ನೆಲ ಇಲ್ದಿದ್ದು ಗೊತ್ತಾಗ್ಲಿಲ್ವೇನೇ ನಿಂಗೆ? ಕಣ್ಣೆಲ್ಲಿ ಇಟ್ಕೊಂಡಿದ್ದೆ? ಜೋಡಿಮರದ ಹತ್ರ ಬಲಕ್ಕೆ ಅಂತ ನೆಲದ ಮೇಲೆ ಬರೆದು ತೋರ್ಸಿರ್ಲಿಲ್ವಾ?"

"ಗೊತ್ತಿತ್ತು ಅಪ್ಪಾಜಿ" ಎಂದಳು ಕವನ.

"ಏನು ಗೊತ್ತಿತ್ತು?"

"ಬಲಕ್ಕೆ ಹೋಗ್ಬೇಕು ಅಂತ ಗೊತ್ತಿತ್ತು. ಮಂಜಲ್ಲಿ ಬಲಗಡೆ ಬಟ್ಟೆ ಕಾಣ್ಲೇ ಇಲ್ಲ, ಕಂಡಿದ್ದು ಎಡಕ್ಕೆ." ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು. "ಅರಿಶಿನದ ಕೊಂಬು ಕಟ್ಟಿದ್ದೂ ನೋಡಿದೆ. ನೀವು ಹಂಗೆ ಕಟ್ಟಲ್ಲ ಅನ್ನಿಸ್ತು. ಇಲ್ಲಿ ಬಂದ್ಮೇಲೆ ಗಾಳಿನೂ ಸರಿ ಇಲ್ಲ ಅನ್ನಿಸ್ತು."

"ಮತ್ಯಾಕೆ ಬಂದೆ?"

ಅವಳು ಜಡೆಗೆ ಹತ್ತಿದ್ದ ಹುಲ್ಲು ಕೀಳತೊಡಗಿದಳು.

"ನಂಗೆ ಅನ್ನಿಸೋದು ತಪ್ಪೇ ಇರುತ್ತೆ ಅಂದ್ಕೊಂಡೆ."

ಅವಳು ಕಾಲೇಜಿನಲ್ಲಿ ಕನ್ನಡ ತಗೊಳ್ತೀನಿ ಅಂದಾಗ ಹಾಲೇಶ ನಿಂಗೇನು ಗೊತ್ತಾಗುತ್ತೆ ಅಂದಿದ್ದ. ಹಾಸ್ಟೆಲಿನಲ್ಲಿರ್ತೀನಿ ಅಂದಾಗ ನಿಂಗೇನು ಗೊತ್ತಾಗುತ್ತೆ ಅಂದಿದ್ದ. ಜಗಳವಾಡಿ ಹೇಳಿದ್ದಲ್ಲ, ಪ್ರೀತಿಯಿಂದಲೇ, ತಲೆ ಸವರಿಯೇ ಹೇಳಿದ್ದು. ಅವಳು ಪ್ರತಿಸಲವೂ ಆಯ್ತು ಅಪ್ಪಾಜಿ ಅಂದಿದ್ದಳು, ಅವನು ಪ್ರತಿಸಲವೂ ಎದೆಯುಬ್ಬಿಸಿಕೊಂಡು ಕ್ಯಾಂಟೀನಿಗೆ ಹೋಗಿದ್ದ. ಕಂದಕದ ಅಂಚಿಗೆ ಅವಳನ್ನು ಕರೆತಂದದ್ದು ಹುಲಿಗೆಮ್ಮನ ಬಟ್ಟೆಯಲ್ಲ ಎಂಬುದು ಅವನಿಗೆ ಆ ಒದ್ದೆ ಮಂಜಿನಲ್ಲಿ ನಿಂತಾಗ ನಿಚ್ಚಳವಾಗಿ ತಿಳಿಯಿತು. ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಈಗ ಬಂತು, ಐದು ಹುಡುಗಿಯರ ಎದುರಿಗೇ ಬಂತು.

ಚಂದ್ರಶೇಖರಪ್ಪ ಏದುಸಿರು ಬಿಡುತ್ತ ಜೋಡಿಮರದ ಕಡೆಯಿಂದ ಬಂದು ಮುಟ್ಟಿದರು. ತಲೆಗಳನ್ನು ಎಣಿಸಿದರು, ಶಿವಾ ಎಂದು ಅಲ್ಲೇ ಕುಕ್ಕರಿಸಿದರು. ಅಳುವವನನ್ನು ನೋಡಿ ಮುಖ ಆಚೆ ತಿರುಗಿಸಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ, "ಈಗ ಏನ್ ಮಾಡಣ ಹಾಲೇಶ?" ಎಂದರು.

ಏನು ಮಾಡಬೇಕೆಂದು ಹಾಲೇಶನಿಗೆ ಚೆನ್ನಾಗಿ ಗೊತ್ತಿತ್ತು. ಈ ಹಾಳು ಗುಡ್ಡದಿಂದ ಈ ಕ್ಷಣವೇ ಇಳಿಯಬೇಕು, ಮಗಳ ರಟ್ಟೆ ಹಿಡಿದುಕೊಂಡು, ಭದ್ರಾವತಿಯ ಮನೆಯ ಬಾಗಿಲು ಮುಟ್ಟುವವರೆಗೆ ಬಿಡದೆ. ಏಳಿ ಎಲ್ಲರೂ ಎಂದು ಹೇಳಲು ಎದ್ದು ನಿಂತೂ ಬಿಟ್ಟ. ನಿಂತವನು ಕವನಳನ್ನು ನೋಡಿದ. ಅವಳು ಆಗಲೇ ಚೂಡಿದಾರದ ಮಣ್ಣು ಕೊಡವಿಕೊಂಡು, ಅವನು ಹೇಳುವುದಕ್ಕೆ ಮುಂಚೆಯೇ ಹೊರಡಲು ಸಿದ್ಧಳಾಗಿದ್ದಳು.

"ಕವನ ಹೇಳ್ತಾಳೆ" ಎಂದ.

ಅವಳಿಗೆ ತಿಳಿಯಲಿಲ್ಲ. "ಏನು ಅಪ್ಪಾಜಿ?"

"ಈಗ ಇಳಿಯಣೋ, ಬೇಡ್ವೋ. ಯಾವ ಕಡೆ ಹೋಗಣ. ನಿಂಗೆ ಏನನ್ಸುತ್ತೆ ಅದನ್ನ ಹೇಳು."

ಕವನ ಅವನ ಮುಖ ನೋಡಿದಳು. ಹುಬ್ಬು ನೋಡಿದಳು, ತುಟಿ ನೋಡಿದಳು. ಅಪ್ಪನಿಗೆ ಯಾವ ಉತ್ತರ ಬೇಕು ಎಂದು ಅಲ್ಲಿ ಹುಡುಕುತ್ತಿದ್ದಳು. ಸಣ್ಣವಳಿದ್ದಾಗಿನಿಂದ ಅವಳು ಹಾಗೆ ನೋಡುತ್ತಲೇ ಬಂದಿದ್ದಾಳೆ ಎಂಬುದು ಅವನಿಗೆ ಈಗ ಮೊದಲ ಸಲ ಕಾಣಿಸಿತು. ಅವನು ಮುಖವನ್ನು ಮಂಜಿನ ಕಡೆಗೆ ತಿರುಗಿಸಿಕೊಂಡ.

"ನೀವೇ ಹೇಳಿ ಅಪ್ಪಾಜಿ" ಎಂದಳು, ಬೇಡುವ ಧ್ವನಿಯಲ್ಲಿ.

"ನಾನು ಹೇಳಲ್ಲ."

ಸೆಲ್ವಿ ಏನೋ ಹೇಳಹೋದಳು, ಚಂದ್ರಶೇಖರಪ್ಪ ಕೈಸನ್ನೆ ಮಾಡಿ ತಡೆದರು. ಕವನಳ ಕಣ್ಣಲ್ಲಿ ನೀರು ತುಂಬಿಕೊಂಡಿತು. ಅಂಚಿನಲ್ಲಿ ನಿಂತಾಗಲೂ ಅತ್ತಿರಲಿಲ್ಲ ಅವಳು. ಮೂಗು ಒರೆಸಿಕೊಂಡು ದಾರಿಯ ಕಡೆ ನೋಡಿದಳು, ನೆಲ ನೋಡಿದಳು, ಮಂಜನ್ನು ನೋಡಿದಳು. ಹಾಲೇಶನಿಗೆ ಆ ಹೊತ್ತು ಕೊರಕಲು ಹತ್ತಿದ್ದಕ್ಕಿಂತ ಉದ್ದ ಅನ್ನಿಸಿತು. ಇಳಿಯಣ ಅನ್ನು ತಾಯಿ, ಇಳಿಯಣ ಅಂತ ಒಂದು ಮಾತು ಅನ್ನು ಎಂದು ಒಳಗೊಳಗೇ ಬೇಡಿಕೊಂಡ.

"ಈಗ ಇಳಿಯೋದು ಬೇಡ" ಎಂದಳು ಕವನ. ತನ್ನ ಮಾತು ಕೇಳಿ ತಾನೇ ಹೆದರಿದವಳ ಹಾಗೆ ನಿಲ್ಲಿಸಿದಳು. ಮತ್ತೆ ಹೇಳಿದಳು: "ಎಲ್ರ ಕಾಲೂ ನಡುಗ್ತಿದೆ. ನಿಮ್ಮ ಕಾಲಲ್ಲಿ ಬೂಟೂ ಇಲ್ಲ. ಮಂಜು ಬಿಡೋವರ್ಗೂ ಯಾರೂ ಇಲ್ಲಿಂದ ಅಲುಗೋದು ಬೇಡ. ಬಿಟ್ಟ ಮೇಲೆ ಮೇಲಕ್ಕೋ ಕೆಳಕ್ಕೋ ನೋಡಣ." ಆಮೇಲೆ, ಅವನ ಮುಖ ನೋಡದೆ, "ನೀವೂ ಕೂತ್ಕೊಳ್ಳಿ ಅಪ್ಪಾಜಿ" ಎಂದಳು.

ಬೇಡ, ನಡಿ ಎಂಬ ಮಾತು ಹಾಲೇಶನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ. ಒದ್ದೆ ನೆಲದ ಮೇಲೆ, ಮಗಳ ಎದುರಿಗೆ, ಚಕ್ಕಳಮಕ್ಕಳ ಹಾಕಿಕೊಂಡು ಕೂತ.